ಅಲ್ಲಾಹನು ಕೊಟ್ಟ ವಿನಾಯಿತಿಯನ್ನು ನಾವೇಕೆ ಕಸಿಯುತ್ತಿದ್ದೇವೆ?

ಸಕ್ಕರೆ ಕಾಯಿಲೆಯವರನ್ನು ಕಂಡೊಡನೆ ನಾವು ಕೇಳುವ ಮೊದಲ ಪ್ರಶ್ನೆ ‘ಶುಗರ್ ಎಷ್ಟಿದೆ?’ ಎಂಬುದು. ಮೂತ್ರಪಿಂಡದ ರೋಗಿಯಾದರೆ ‘ಈ ಸಲ ಕ್ರಿಯಾಟಿನಿನ್ ಎಷ್ಟು ಬಂತು?’ ಎನ್ನುತ್ತೇವೆ. ರಾತ್ರಿ ನಿದ್ದೆ ಬರುತ್ತದೆಯೇ, ಮಸೀದಿಯ ಮೆಟ್ಟಿಲು ಹತ್ತುವಾಗ ದಮ್ಮು ಹತ್ತುತ್ತದೆಯೇ, ಮನೆಯವರೊಂದಿಗೆ ಕುಳಿತು ಉಣ್ಣುವ ಸಂತೋಷ ಉಳಿದಿದೆಯೇ ಎಂದು ಕೇಳುವವರು ವಿರಳ. ರೋಗಿಯು ಒಂದು ಸಂಖ್ಯೆಯಾಗಿ ನಮ್ಮ ಮುಂದೆ ನಿಲ್ಲುತ್ತಾನೆ. ಆ ಸಂಖ್ಯೆಯ ಹಿಂದಿರುವ ಬದುಕು ನಮಗೆ ಕಾಣುವುದಿಲ್ಲ.

ಜೀವನದ ಗುಣಮಟ್ಟವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯು 26 ಪ್ರಶ್ನೆಗಳ ಒಂದು ಪಟ್ಟಿಯನ್ನು ರೂಪಿಸಿದೆ. ದೇಹ, ಮನಸ್ಸು, ಸಾಮಾಜಿಕ ಸಂಬಂಧ ಮತ್ತು ಸುತ್ತಲಿನ ಪರಿಸರ ಎಂಬ 4 ವಿಭಾಗಗಳು ಅದರಲ್ಲಿವೆ. ಅದರ ಮೂಲವಾದ 100 ಪ್ರಶ್ನೆಗಳ ದೊಡ್ಡ ಪಟ್ಟಿಯಲ್ಲಿ ಧರ್ಮ ಹಾಗೂ ನಂಬಿಕೆಗೂ ಪ್ರತ್ಯೇಕ ಸ್ಥಾನವಿದೆ. ಈ ಪ್ರಶ್ನೆಗಳಿಗೆ ಉತ್ತರಿಸಬೇಕಾದವನು ರೋಗಿಯೇ. ರಕ್ತಪರೀಕ್ಷೆಯ ಚೀಟಿಯು ಅವನ ಪರವಾಗಿ ಉತ್ತರಿಸಲಾರದು. ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಮಾತ್ರೆಯೂ ಸೂಜಿಯೂ ವೈದ್ಯರ ಕೈಯಲ್ಲಿವೆ, ನಿಜ. ಆದರೆ ಮನಸ್ಸಿನ ನೆಮ್ಮದಿ, ಸಂಬಂಧಗಳ ಬೆಚ್ಚನೆ, ಆರಾಧನೆಯ ತೃಪ್ತಿ ಇವೆಲ್ಲ ಮನೆಯವರ, ನೆರೆಹೊರೆಯವರ ಮತ್ತು ಮಸೀದಿಯ ಜಮಾಅತಿನವರ ಕೈಯಲ್ಲಿವೆ.

ನಮ್ಮ ನಡುವಿನ ಮಧುಮೇಹಿಗಳ ಮತ್ತು ಮೂತ್ರಪಿಂಡ ರೋಗಿಗಳ ಬದುಕನ್ನು ರೋಗವು ಕಷ್ಟಕ್ಕೆ ಈಡುಮಾಡಿದೆ. ಧರ್ಮದ ಹೆಸರಿನಲ್ಲಿ ಮತ್ತು ಆತಿಥ್ಯದ ಹೆಸರಿನಲ್ಲಿ ನಾವು ಹೇರುವ ಒತ್ತಡವು ಆ ಕಷ್ಟವನ್ನು ಇಮ್ಮಡಿಗೊಳಿಸುತ್ತಿದೆ. ಅಲ್ಲಾಹನು ಅವರ ಹೆಗಲಿನಿಂದ ಇಳಿಸಿದ ಭಾರವನ್ನು ನಾವು ಮತ್ತೆ ಅದೇ ಹೆಗಲಿಗೆ ಏರಿಸುತ್ತಿದ್ದೇವೆ.

ಸದ್ದಿಲ್ಲದೆ ಬರುವ ರೋಗ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನರು ಅದರ ಹೊಸ್ತಿಲಲ್ಲಿದ್ದಾರೆ. ಹೊಲದಲ್ಲಿ ಮೈಮುರಿದು ದುಡಿಯುವ, ಬಿಳಿಜೋಳದ ರೊಟ್ಟಿ ಉಣ್ಣುವ ನಮ್ಮ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯವರಿಗೆ ಇದು ಪಟ್ಟಣದ ಶ್ರೀಮಂತರ ಕಾಯಿಲೆ ಎಂಬ ನಂಬಿಕೆ ಬಹುಕಾಲ ಇತ್ತು. ಈಗ ಆ ನಂಬಿಕೆ ಉಳಿದಿಲ್ಲ. ಮೈದಣಿವು ಕಡಿಮೆಯಾಗಿದೆ, ದಿನಕ್ಕೆ ಐದಾರು ಸಲ ಸಕ್ಕರೆ ಹಾಕಿದ ಚಹಾ, ಎರಡೂ ಹೊತ್ತು ಅನ್ನ, ಬೇಕರಿಯ ತಿಂಡಿ ರೂಢಿಯಾಗಿವೆ.

ಮಧುಮೇಹವಿರುವ ಸುಮಾರು ಮೂವರಲ್ಲಿ ಒಬ್ಬರಿಗೆ ಕಾಲಾಂತರದಲ್ಲಿ ಮೂತ್ರಪಿಂಡದ ತೊಂದರೆ ಕಾಣಿಸಿಕೊಳ್ಳುತ್ತದೆ. ನಮ್ಮ ಎರಡು ಮೂತ್ರಪಿಂಡಗಳೊಳಗೆ ರಕ್ತವನ್ನು ಸೋಸುವ ಲಕ್ಷಾಂತರ ಸೂಕ್ಷ್ಮ ಜರಡಿಗಳಿವೆ. ರಕ್ತದಲ್ಲಿ ಸಕ್ಕರೆಯೂ ರಕ್ತದೊತ್ತಡವೂ ವರ್ಷಗಟ್ಟಲೆ ಏರಿದ್ದರೆ ಈ ಜರಡಿಗಳು ಮೆಲ್ಲಗೆ ಹಾಳಾಗುತ್ತವೆ. ಸೋರಬಾರದ ಪ್ರೋಟೀನು ಮೂತ್ರದಲ್ಲಿ ಸೋರತೊಡಗುತ್ತದೆ. ಆ ಹಂತದಲ್ಲಿ ನೋವಿಲ್ಲ, ಜ್ವರವಿಲ್ಲ. ಕಾಲು ಬಾತು, ಮುಖ ಊದಿ, ಹಸಿವು ಸತ್ತುಹೋಗುವ ಹೊತ್ತಿಗೆ ಬಹುಪಾಲು ಶಕ್ತಿ ಕಳೆದುಹೋಗಿರುತ್ತದೆ. ಆದ್ದರಿಂದಲೇ ಮಧುಮೇಹಿಗಳು ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿನ ಅಲ್ಬುಮಿನ್ ಮತ್ತು ರಕ್ತದಲ್ಲಿನ ಕ್ರಿಯಾಟಿನಿನ್ ಪರೀಕ್ಷಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಇವೆರಡೂ ದುಬಾರಿ ಪರೀಕ್ಷೆಗಳಲ್ಲ. ಮೊಣಕಾಲು ನೋವಿಗೆಂದು ಔಷಧದ ಅಂಗಡಿಯಿಂದ ತಾವಾಗಿಯೇ ತಂದು ನುಂಗುವ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಹಾನಿಕರ ಎಂಬುದನ್ನೂ ನಮ್ಮ ಹಿರಿಯರಿಗೆ ಯಾರಾದರೂ ತಿಳಿಸಿ ಹೇಳಬೇಕು.

ಇಲ್ಲೊಂದು ದೊಡ್ಡ ಭ್ರಮೆಯೂ ಇದೆ. ವರ್ಷಗಳಿಂದ ಏರಿದ್ದ ಸಕ್ಕರೆ ತಾನಾಗಿ ಇಳಿಯತೊಡಗಿದಾಗ ಮನೆಯವರು ‘ಅಲ್‌ಹಮ್ದುಲಿಲ್ಲಾಹ್, ಶುಗರ್ ವಾಸಿಯಾಯಿತು’ ಎಂದು ಸಂತೋಷಪಡುತ್ತಾರೆ. ಯಾವುದೋ ಬೇರಿನ ಕಷಾಯಕ್ಕೋ ಯಾರದೋ ಊದಿದ ನೀರಿಗೋ ಅದರ ಕೀರ್ತಿ ಸಲ್ಲುತ್ತದೆ. ಆರೋಗ್ಯವಂತ ಮೂತ್ರಪಿಂಡವು ದೇಹದಲ್ಲಿನ ಇನ್ಸುಲಿನ್ನನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಹೊರಹಾಕುತ್ತಿರುತ್ತದೆ. ಅದು ಸೋತಾಗ ಇನ್ಸುಲಿನ್ ಹೆಚ್ಚು ಹೊತ್ತು ರಕ್ತದಲ್ಲೇ ಉಳಿಯುತ್ತದೆ, ಸಕ್ಕರೆ ಇಳಿಯುತ್ತದೆ. ಹೀಗೆ ಅನೇಕರ ಪಾಲಿಗೆ ವಾಸಿಯಾದಂತೆ ತೋರುವುದು ರೋಗವು ಉಲ್ಬಣಿಸಿದ ಸೂಚನೆಯಾಗಿರುತ್ತದೆ. ಇಂಥವರು ಹಳೆಯ ಪ್ರಮಾಣದಲ್ಲೇ ಔಷಧಿ ಮುಂದುವರಿಸಿ, ಅದರ ಮೇಲೆ ಉಪವಾಸವನ್ನೂ ಹಿಡಿದರೆ ಏನಾದೀತು? ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪುತ್ತದೆ. ಕೆಲವೊಮ್ಮೆ ಜೀವಕ್ಕೇ ಎರವಾಗುತ್ತದೆ.

ಉಪವಾಸ ಮತ್ತು ರೋಗಿ

2001ರಲ್ಲಿ 13 ದೇಶಗಳ 12 ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಮಧುಮೇಹಿಗಳ ಕುರಿತು ಒಂದು ಬೃಹತ್ ಅಧ್ಯಯನ ನಡೆಯಿತು. ಅದರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಎರಡನೆಯ ಬಗೆಯ ಮಧುಮೇಹವಿರುವವರಲ್ಲಿ ಸುಮಾರು ಶೇ. 79 ಮಂದಿ ರಮಝಾನಿನಲ್ಲಿ 15 ದಿನಗಳಾದರೂ ಉಪವಾಸ ಹಿಡಿದಿದ್ದರು. ಇತರ ತಿಂಗಳುಗಳಿಗೆ ಹೋಲಿಸಿದರೆ ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಕರಣಗಳು ಅವರಲ್ಲಿ ಏಳೂವರೆ ಪಟ್ಟು ಹೆಚ್ಚಿದ್ದವು. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು ಮುಸ್ಲಿಮ್ ವೈದ್ಯರೊಡನೆ ಸೇರಿ 2016ರಲ್ಲಿ ಹೊರತಂದು 2021ರಲ್ಲಿ ಪರಿಷ್ಕರಿಸಿದ ರಮಝಾನ್ ಮಾರ್ಗದರ್ಶಿಯು ರೋಗಿಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸುತ್ತದೆ. ಸಕ್ಕರೆ ಹತೋಟಿಯಲ್ಲಿದ್ದು ಬೇರೆ ತೊಂದರೆಯಿಲ್ಲದ ಅನೇಕರು ವೈದ್ಯರ ಸಲಹೆಯಂತೆ ಔಷಧಿಯ ಹೊತ್ತು ಬದಲಿಸಿಕೊಂಡು ಉಪವಾಸ ಹಿಡಿಯಬಹುದು. ಮೂತ್ರಪಿಂಡ ಬಹಳಷ್ಟು ಸೋತವರು ಮತ್ತು ಡಯಾಲಿಸಿಸ್ ಮಾಡಿಸಿಕೊಳ್ಳುವವರು ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತಾರೆ. ಉಪವಾಸದಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುವುದರಿಂದಾಗಲೀ ಇನ್ಸುಲಿನ್ ಸೂಜಿಯಿಂದಾಗಲೀ ಉಪವಾಸ ಮುರಿಯುವುದಿಲ್ಲ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಇದನ್ನರಿಯದೆ ತಿಂಗಳಿಡೀ ಪರೀಕ್ಷೆಯನ್ನೇ ಬಿಟ್ಟುಬಿಡುವವರಿದ್ದಾರೆ.

ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದಲ್ಲಿ ಉಪವಾಸದ ಆಜ್ಞೆ ಬಂದಿದೆ. ಅಲ್ಲಿನ 184 ಮತ್ತು 185ನೇ ಸೂಕ್ತಗಳೆರಡರಲ್ಲೂ ರೋಗಿ ಮತ್ತು ಪ್ರಯಾಣಿಕನಿಗೆ ವಿನಾಯಿತಿ ನೀಡಲಾಗಿದೆ. ಎರಡನೆಯ ಕಡೆಯಲ್ಲಿ ಅಲ್ಲಾಹನು ತನ್ನ ದಾಸರಿಗೆ ಕಷ್ಟವನ್ನಲ್ಲ, ಸೌಲಭ್ಯವನ್ನು ಬಯಸುತ್ತಾನೆಂಬ ಕಾರಣವನ್ನೂ ತಿಳಿಸಲಾಗಿದೆ. ಆಜ್ಞೆ ಎಲ್ಲಿದೆಯೋ ವಿನಾಯಿತಿಯೂ ಅಲ್ಲೇ ಇದೆ. ಎರಡೂ ಒಬ್ಬನೇ ಪ್ರಭುವಿನಿಂದ ಬಂದಿವೆ. ಒಂದನ್ನು ತಲೆಯ ಮೇಲಿಟ್ಟು ಇನ್ನೊಂದನ್ನು ಬಲಹೀನರ ನೆಪವೆಂದು ಬಗೆಯುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ಮಕ್ಕಾ ವಿಜಯದ ವರ್ಷದ ಒಂದು ಪ್ರಸಂಗವನ್ನು ಜಾಬಿರ್(ರ) ವರದಿ ಮಾಡಿರುವುದು ಸಹೀಹ್ ಮುಸ್ಲಿಮಿನಲ್ಲಿದೆ. ರಮಝಾನಿನ ಪ್ರಯಾಣದಲ್ಲಿ ಜನರಿಗೆ ಉಪವಾಸ ಕಷ್ಟವಾಗಿದೆಯೆಂದು ತಿಳಿದಾಗ ಪ್ರವಾದಿ(ಸ)ಯವರು ನೀರಿನ ಪಾತ್ರೆ ತರಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಕುಡಿದರು. ಅನಂತರವೂ ಕೆಲವರು ಹಠದಿಂದ ಉಪವಾಸ ಮುಂದುವರಿಸಿದ್ದಾರೆಂಬ ಸುದ್ದಿ ಬಂದಾಗ, ಅವರನ್ನು ಆಜ್ಞೆ ಮೀರಿದವರೆಂದು ಕರೆದರು. ಅವರು ಮರೆಯಲ್ಲಿ ಕುಡಿಯಬಹುದಿತ್ತು. ವಿನಾಯಿತಿ ಪಡೆಯುವ ಸಾಮಾನ್ಯ ಮನುಷ್ಯನಿಗೆ ನಾಚಿಕೆಯಾಗಬಾರದೆಂದೇ ಎಲ್ಲರ ಮುಂದೆ ಕುಡಿದರು.

ಈ ಮಾದರಿಯ ಎದುರು ನಮ್ಮ ಮನೆಗಳ ಚಿತ್ರವನ್ನು ಇಟ್ಟು ನೋಡೋಣ. ಡಯಾಲಿಸಿಸ್‌ನಲ್ಲಿರುವ ಅಜ್ಜನು ಮಧ್ಯಾಹ್ನದ ಮಾತ್ರೆ ನುಂಗಲು ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಾನೆ. ‘ಅಬ್ಬಾ ಈ ಸಲ ರೋಜಾ ಹಿಡಿದಿಲ್ಲ’ ಎಂದು ಮಕ್ಕಳು ಬಂದವರ ಮುಂದೆ ದನಿ ತಗ್ಗಿಸಿ ಹೇಳುತ್ತಾರೆ. ‘ನಲವತ್ತು ವರ್ಷ ಬಿಡದೆ ಹಿಡಿದವರು, ಈಗೇನಾಯಿತು?’ ಎಂದು ನೆರೆಯವರು ಕೇಳುತ್ತಾರೆ. ಆ ಒಂದು ಪ್ರಶ್ನೆಯ ಚುಚ್ಚು ದಿನದ ಸೂಜಿಗಿಂತ ಹೆಚ್ಚು ನೋಯಿಸುತ್ತದೆ. ಆರೋಗ್ಯವಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪ್ರತಿಫಲವು ರೋಗಿಗೂ ಪ್ರಯಾಣಿಕನಿಗೂ ಹಾಗೆಯೇ ಬರೆಯಲ್ಪಡುತ್ತದೆಂಬ ಶುಭವಾರ್ತೆ ಸಹೀಹ್ ಬುಖಾರಿಯಲ್ಲಿದೆ. ನಲವತ್ತು ವರ್ಷ ಉಪವಾಸ ಹಿಡಿದವನ ಲೆಕ್ಕ ಅಲ್ಲಾಹನ ಬಳಿ ನಿಂತಿಲ್ಲ. ನಿಂತಿದೆಯೆಂದು ಅವನಿಗೆ ಅನ್ನಿಸುವಂತೆ ಮಾಡುತ್ತಿರುವವರು ನಾವು.

ವಾಸಿಯಾಗುವ ನಿರೀಕ್ಷೆಯಿರುವವನು ಬಿಟ್ಟ ಉಪವಾಸಗಳನ್ನು ಮುಂದೆ ಪೂರ್ಣಗೊಳಿಸುತ್ತಾನೆ. ಆ ನಿರೀಕ್ಷೆಯಿಲ್ಲದವನು ಪ್ರತಿ ಉಪವಾಸಕ್ಕೆ ಒಬ್ಬ ಬಡವನ ಆಹಾರವನ್ನು ಫಿದ್ಯಾ ಆಗಿ ಕೊಡುತ್ತಾನೆ. ಉಪವಾಸದಿಂದ ರೋಗ ಹೆಚ್ಚಾಗುವ ಭೀತಿಯನ್ನು ಸ್ವಂತ ಅನುಭವದಿಂದಲೋ ನುರಿತ ವೈದ್ಯನ ಮಾತಿನಿಂದಲೋ ಅರಿಯಬಹುದೆಂದು ನಮ್ಮ ಫುಕಹಾಗಳು ಶತಮಾನಗಳ ಹಿಂದೆಯೇ ಹೇಳಿದ್ದಾರೆ.

ತವಕ್ಕುಲ್ ಎಂದರೇನು?

‘ಆಯುಸ್ಸು ಅಲ್ಲಾಹನ ಕೈಯಲ್ಲಿದೆ. ಉಪವಾಸದಿಂದ ಯಾರೂ ಸಾಯುವುದಿಲ್ಲ’ ಎನ್ನುವವರ ಭಕ್ತಿಯನ್ನು ನಾನು ಸಂದೇಹಿಸುವುದಿಲ್ಲ. ಅವರು ಒಂದು ಹದೀಸನ್ನು ನೆನೆಯಬೇಕು. ಅಬೂದಾವೂದ್ ಸಂಗ್ರಹದಲ್ಲಿ ಜಾಬಿರ್(ರ) ವರದಿ ಮಾಡಿದ ಪ್ರಸಂಗವದು. ಪ್ರಯಾಣದಲ್ಲಿ ಒಬ್ಬರ ತಲೆಗೆ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ ವಿನಾಯಿತಿ ಇದೆಯೇ ಎಂದು ಜೊತೆಗಾರರನ್ನು ಕೇಳಿದರು. ನೀರು ಸಿಗುವಾಗ ವಿನಾಯಿತಿ ಇಲ್ಲವೆಂದು ಅವರು ತೀರ್ಪು ಕೊಟ್ಟರು. ಆತ ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿ(ಸ)ಯವರು ಬಹಳ ಕೋಪಗೊಂಡು, ಆ ಸಾವಿನ ಹೊಣೆಯನ್ನು ತೀರ್ಪು ಕೊಟ್ಟವರ ಮೇಲೆಯೇ ಹೊರಿಸಿದರು. ತಿಳಿಯದಿದ್ದರೆ ಕೇಳಬಹುದಿತ್ತಲ್ಲವೇ ಎಂದು ಗದರಿದರು. ‘ಏನೂ ಆಗುವುದಿಲ್ಲ, ರೋಜಾ ಹಿಡಿಯಿರಿ’ ಎಂದು ಕಿಡ್ನಿ ರೋಗಿಗೆ ಹಗುರವಾಗಿ ಹೇಳುವ ಮೊದಲು ಈ ಹದೀಸು ನಮ್ಮ ನಾಲಗೆಯನ್ನು ತಡೆಯಬೇಕು.

ಚಿಕಿತ್ಸೆಯು ನಮ್ಮ ಪರಂಪರೆಗೆ ಹೊರತಾದುದಲ್ಲ. ಮಧುಮೇಹಿಯ ಮೂತ್ರದ ಸಿಹಿಯನ್ನು ಇಬ್ನ್ ಸೀನಾ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದರು. ನಮ್ಮದೇ ವಿಜಯಪುರದ ಇಮ್ಮಡಿ ಇಬ್ರಾಹೀಮ್ ಆದಿಲ್ ಶಾಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಮುಹಮ್ಮದ್ ಕಾಸಿಮ್ ಫರಿಶ್ತಾ ಈ ನೆಲದ ವೈದ್ಯಶಾಸ್ತ್ರವನ್ನು ಕಲಿತು ಅದರ ಕುರಿತು ಪಾರಸಿಯಲ್ಲಿ ಗ್ರಂಥ ರಚಿಸಿದ್ದನು. ಒಂಟೆಯನ್ನು ಕಟ್ಟಿಹಾಕಿ ಭರವಸೆಯಿಡುವುದೇ ತವಕ್ಕುಲ್. ರಕ್ತದೊತ್ತಡದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುವುದೂ ಒಂಟೆಯನ್ನು ಕಟ್ಟುವುದೇ ಆಗಿದೆ.

ವಾರಕ್ಕೆ 3 ದಿನ, ದಿನಕ್ಕೆ 4 ತಾಸು

ಮೂತ್ರಪಿಂಡ ಸಂಪೂರ್ಣ ಸೋತವನಿಗೆ ಕಸಿ ಇಲ್ಲವೇ ಡಯಾಲಿಸಿಸ್ ಎಂಬ ಎರಡೇ ಮಾರ್ಗಗಳು ಉಳಿಯುತ್ತವೆ. ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿಬಾರಿ ಸುಮಾರು 4 ತಾಸು ಯಂತ್ರದ ಪಕ್ಕದಲ್ಲಿ ಮಲಗಬೇಕು. ಅಲ್ಲಾಹನು ಕೊಟ್ಟ ಮೂತ್ರಪಿಂಡಗಳು ವಾರದ 168 ತಾಸೂ ಬಿಡುವಿಲ್ಲದೆ ಮಾಡುವ ಕೆಲಸವನ್ನು ಯಂತ್ರವು 12 ತಾಸುಗಳಲ್ಲಿ ಮಾಡಲು ಹೆಣಗುತ್ತದೆ. ಅದಕ್ಕೇ ರೋಗಿ ಬಳಲುತ್ತಾನೆ. ದೇಹಕ್ಕೆ ಸೇರಿದ ನೀರು ಹೊರಹೋಗದ ಕಾರಣ ಅನೇಕರು ದಿನಕ್ಕೆ ಸುಮಾರು ಒಂದು ಲೀಟರಿನಷ್ಟರಲ್ಲೇ ತೃಪ್ತರಾಗಬೇಕು. ನಮ್ಮ ಜಿಲ್ಲೆಯ ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ, ಕೊಡ ತುಂಬಿದ ನೀರು ಎದುರಿಗಿದ್ದೂ ಗುಟುಕು ಲೆಕ್ಕ ಹಾಕಿ ಕುಡಿಯುವವನ ಸಹನೆಯನ್ನು ಯೋಚಿಸಿ ನೋಡಿ. ರಮಝಾನಿನಲ್ಲಿ ಅವನು ಉಪವಾಸ ಹಿಡಿದಿಲ್ಲವೆಂದು ಮೂಗು ಮುರಿಯುವ ನಾವು, ವರ್ಷದ ಹನ್ನೆರಡು ತಿಂಗಳೂ ಅವನು ಹಿಡಿದಿರುವ ಬಾಯಾರಿಕೆಯನ್ನು ಕಂಡಿಲ್ಲ.

ಕೇಂದ್ರ ಸರಕಾರವು 2016ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದಾಗಿ ಬಡವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್‌ಗೆ ದಾರಿಯಾಯಿತು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಇವು ದೊಡ್ಡ ಉಪಕಾರಗಳು. ಆದರೂ ಯಂತ್ರ ಉಚಿತವಾದ ಮಾತ್ರಕ್ಕೆ ಖರ್ಚು ನಿಲ್ಲುವುದಿಲ್ಲ. ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿಲೋಮೀಟರ್. ತಜ್ಞರನ್ನು ಕಾಣಲು, ಪರೀಕ್ಷೆಗೆ, ತೊಂದರೆ ಹೆಚ್ಚಿದಾಗ ಅಲ್ಲಿಗೇ ಓಡಬೇಕು. 2023ರ ಶಕ್ತಿ ಯೋಜನೆಯಿಂದ ಜೊತೆಗೆ ಬರುವ ಹೆಂಡತಿಯ ಬಸ್ಸಿನ ಟಿಕೆಟ್ ಉಳಿಯುತ್ತದೆ. ಅವಳ ಆ ದಿನದ ಕೂಲಿ ಉಳಿಯುವುದಿಲ್ಲ. ವಾರಕ್ಕೆ 3 ದಿನ ಕೆಲಸಕ್ಕೆ ಬಾರದವನನ್ನು ಯಾವ ಮಾಲೀಕನು ಇಟ್ಟುಕೊಳ್ಳುತ್ತಾನೆ?

ನಮಾಝಿನ ಚಿಂತೆಯೂ ರೋಗಿಯನ್ನು ಕಾಡುತ್ತದೆ. ಕೈಗೆ ಸೂಜಿ, ರಕ್ತದ ಕೊಳವೆ, ಎದ್ದೇಳುವಂತಿಲ್ಲ. ಅಷ್ಟರಲ್ಲಿ ಅಸರ್ ಅಝಾನ್ ಕೇಳಿಸುತ್ತದೆ. ನಿಂತು ಸಾಧ್ಯವಿಲ್ಲದವನು ಕುಳಿತು, ಕುಳಿತೂ ಸಾಧ್ಯವಿಲ್ಲದವನು ಮಲಗಿ ನಮಾಝ್ ಮಾಡಲಿ ಎಂದು ಪ್ರವಾದಿ(ಸ)ಯವರು ಇಮ್ರಾನ್ ಬಿನ್ ಹುಸೈನ್(ರ)ರಿಗೆ ಕಲಿಸಿದ್ದರು. ಡಯಾಲಿಸಿಸ್ ಹೊತ್ತಿನ ವುಝೂ, ತಯಮ್ಮುಮ್, ಪಟ್ಟಿಯ ಮೇಲಿನ ಮಸಹ್ ಕುರಿತಾದ ಮಸ್‌ಅಲಾಗಳನ್ನು ನಮ್ಮ ಇಮಾಮರು ಜುಮಾ ಭಾಷಣದಲ್ಲಿ ಒಮ್ಮೆ ವಿವರಿಸಿದರೆ, ಎಷ್ಟೋ ರೋಗಿಗಳ ಎದೆಯ ಭಾರ ಇಳಿಯುತ್ತದೆ.

ದಸ್ತರಖಾನಿನ ಒತ್ತಾಯ

ಅತಿಥಿಯನ್ನು ಆದರಿಸುವುದು ನಮ್ಮ ಹೆಮ್ಮೆ. ಆದರೆ ‘ಒಂದು ತುತ್ತಿಗೆ ಏನಾಗುತ್ತದೆ, ತೆಗೆದುಕೊಳ್ಳಿ’ ಎಂದು ಮಧುಮೇಹಿಯ ತಟ್ಟೆಗೆ ಸಿಹಿ ಸುರಿಯುವುದು ಆದರವಲ್ಲ. ಹಬ್ಬದ ದಿನ ಹತ್ತು ಮನೆಗಳಲ್ಲಿ ಹತ್ತು ಬಟ್ಟಲು ಶೀರ್ ಖುರ್ಮಾ, ಪ್ರತಿ ಮನೆಯಲ್ಲೂ ‘ಒಂದೇ ಚಮಚ’. ಬೇಡವೆಂದರೆ ಮುನಿಸು. ಇನ್ನು ಕಿಡ್ನಿ ರೋಗಿಯನ್ನು ನೋಡಲು ಹೋಗುವಾಗ ನಾವು ಕೊಂಡೊಯ್ಯುವುದು ಎಳನೀರು, ಬಾಳೆಹಣ್ಣು, ಖರ್ಜೂರ. ಈ ಮೂರರಲ್ಲೂ ಪೊಟ್ಯಾಸಿಯಂ ಹೇರಳವಾಗಿದೆ. ಸೋತ ಮೂತ್ರಪಿಂಡವು ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ನಿಲ್ಲಬಹುದು. ರೋಗಿಯ ಸಂದರ್ಶನವು ಸುನ್ನತ್. ಬರಿಗೈಯಲ್ಲಿ ಹೋಗಿ ಪಕ್ಕದಲ್ಲಿ ಕುಳಿತು ದುಆ ಮಾಡಿ ಬಂದರೂ ಆ ಸುನ್ನತ್ ಪೂರ್ಣವಾಗುತ್ತದೆ. ಏನಾದರೂ ಕೊಡಲೇಬೇಕೆನಿಸಿದರೆ ಆ ತಿಂಗಳ ಔಷಧಿಯ ಚೀಟಿ ಕೇಳಿ ಪಡೆಯಿರಿ.

ಸಲ್ಮಾನ್(ರ)ರು ತಮ್ಮ ಸಹೋದರ ಅಬುದ್ದರ್ದಾ(ರ)ರಿಗೆ, ಪ್ರಭುವಿನ ಹಕ್ಕಿನ ಜೊತೆಗೆ ತಮ್ಮ ಮೇಲೆ ತಮ್ಮದೇ ಜೀವದ ಹಕ್ಕೂ ಮನೆಯವರ ಹಕ್ಕೂ ಇದೆಯೆಂದು ನೆನಪಿಸಿದ್ದರು. ಪ್ರವಾದಿ(ಸ)ಯವರು ಅದನ್ನು ಸತ್ಯವೆಂದು ಒಪ್ಪಿದರು. ರೋಗಿಯು ‘ಬೇಡ’ ಎಂದಾಗ ಅವನು ಆ ಹಕ್ಕನ್ನು ಸಲ್ಲಿಸುತ್ತಿದ್ದಾನೆ. ಅವನ ‘ಬೇಡ’ವನ್ನು ಗೌರವಿಸುವುದೇ ನಿಜವಾದ ಆತಿಥ್ಯ.

ಮಸೀದಿಗಳು ಮಾಡಬಹುದಾದುದು

ವಿಜಯಪುರದಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜನ್ನು ಕಟ್ಟಿ ನಿಲ್ಲಿಸಿದ ಸಮುದಾಯ ನಮ್ಮದು. ಇದರ ಮುಂದೆ ಈಗ ಮಾಡಬೇಕಾದ ಕೆಲಸಗಳು ಬಹಳ ಸಣ್ಣವು. ಪ್ರತಿ ವರ್ಷ ರಮಝಾನಿಗೆ ಒಂದೂವರೆ-ಎರಡು ತಿಂಗಳ ಮೊದಲು ಮಸೀದಿ ಕಮಿಟಿಗಳು ವೈದ್ಯರನ್ನು ಕರೆಸಿ ಸಕ್ಕರೆ, ರಕ್ತದೊತ್ತಡ, ಮೂತ್ರದ ತಪಾಸಣೆ ಏರ್ಪಡಿಸಲಿ. ಯಾರು ಉಪವಾಸ ಹಿಡಿಯಬಹುದು, ಯಾರು ಹಿಡಿಯಬಾರದು ಎಂಬುದನ್ನು ವೈದ್ಯರೂ ಆಲಿಮರೂ ಒಂದೇ ವೇದಿಕೆಯಲ್ಲಿ ಕುಳಿತು ಹೇಳಲಿ. ಮಹಿಳೆಯರಿಗೆ ಪ್ರತ್ಯೇಕ ಹೊತ್ತು ಇರಲಿ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ನಮ್ಮ ತಾಯಂದಿರು ತಮ್ಮ ಕಾಯಿಲೆಯನ್ನೂ ಕೊನೆಗೇ ಹೇಳುತ್ತಾರೆ.

ಝಕಾತ್ ಯಾರಿಗೆ ಸಲ್ಲಬೇಕೆಂದು ಅತ್ತೌಬಾ ಅಧ್ಯಾಯದ 60ನೇ ಸೂಕ್ತವು 8 ವರ್ಗಗಳನ್ನು ಹೆಸರಿಸುತ್ತದೆ. ಬಡವರೂ ನಿರ್ಗತಿಕರೂ ಸಾಲದಲ್ಲಿ ಮುಳುಗಿದವರೂ ಅವರಲ್ಲಿದ್ದಾರೆ. ದುಡಿಮೆ ನಿಂತು, ಔಷಧಿಗಾಗಿ ಒಡವೆ ಅಡವಿಟ್ಟ ಕಿಡ್ನಿ ರೋಗಿಯ ಮನೆ ಈ ವರ್ಗಗಳಿಗೆ ಸೇರುವುದಿಲ್ಲವೇ? ರಮಝಾನಿನಲ್ಲಿ ಒಮ್ಮೆ ಕೈತುಂಬ ಕೊಟ್ಟು ಹನ್ನೊಂದು ತಿಂಗಳು ಮರೆಯುವ ಬದಲು, ಅರ್ಹ ಕುಟುಂಬಕ್ಕೆ ತಿಂಗಳು ತಿಂಗಳು ಪ್ರಯಾಣದ ಮತ್ತು ಔಷಧಿಯ ಖರ್ಚು ತಲುಪುವಂತೆ ವ್ಯವಸ್ಥೆ ಮಾಡಬಹುದು. ಸದಕಾದ ಹಣಕ್ಕಂತೂ ಜಾತಿ-ಮತದ ಗೆರೆಯಿಲ್ಲ. ಡಯಾಲಿಸಿಸ್ ಕೋಣೆಯ ಪಕ್ಕದ ಹಾಸಿಗೆಯಲ್ಲಿರುವ ಹಿಂದೂ ಸಹೋದರನೂ ನಮ್ಮ ನೆರೆಯವನೇ.

ಕಸಿಯ ಕುರಿತೂ ನಮ್ಮಲ್ಲಿ ಮುಕ್ತ ಚರ್ಚೆ ಬೇಕು. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಕೆಲವು ನಿಬಂಧನೆಗಳೊಂದಿಗೆ ಅಂಗಾಂಗ ಕಸಿಯನ್ನು ಅನುಮತಿಸಿದೆ. ಅಂಗಾಂಗ ಮಾರಾಟವನ್ನು ಧರ್ಮವೂ ನಮ್ಮ ದೇಶದ 1994ರ ಕಾಯಿದೆಯೂ ನಿಷೇಧಿಸಿವೆ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವ ವಿಷಯವಿದು. ಆದರೆ ಕೇಳಿ ತಿಳಿಯದೆ ‘ಅದು ಹರಾಮ್’ ಎಂದು ಬಾಗಿಲು ಮುಚ್ಚಿದರೆ, ತಲೆಗೆ ಗಾಯವಾದವನ ಜೊತೆಗಾರರ ಸಾಲಿಗೇ ನಾವೂ ಸೇರುತ್ತೇವೆ.

ಮುಂದಿನ ರಮಝಾನಿನೊಳಗೆ ನಾವು ಪ್ರತಿಯೊಬ್ಬರೂ ನಮ್ಮ ಬಂಧುಬಳಗದ ಒಬ್ಬ ರೋಗಿಯ ಬಳಿ ಹೋಗೋಣ. ಅಂಕಿ-ಸಂಖ್ಯೆ ಕೇಳುವ ಮೊದಲು ಅವರ ನಿದ್ದೆಯನ್ನು, ನೆಮ್ಮದಿಯನ್ನು ವಿಚಾರಿಸೋಣ. ‘ಚಾಚಾ, ನೀವು ಈ ಸಲ ಉಪವಾಸ ಹಿಡಿಯಬೇಡಿ, ನಿಮ್ಮ ಫಿದ್ಯಾವನ್ನು ಬಡವರ ಮನೆಗೆ ನಾನೇ ತಲುಪಿಸಿ ಬರುತ್ತೇನೆ’ ಎಂದು ಹೇಳೋಣ. ಮಧ್ಯಾಹ್ನ ಅವರು ಬಾಗಿಲು ತೆರೆದಿಟ್ಟುಕೊಂಡೇ, ತಲೆಯೆತ್ತಿಯೇ ತಮ್ಮ ಮಾತ್ರೆ ನುಂಗುವಂತಾಗಲಿ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ದಯಪಾಲಿಸಲಿ, ಅವರ ಸೇವೆ ಮಾಡುವ ಕೈಗಳಿಗೆ ಬಲ ನೀಡಲಿ, ಅವನು ಸುಲಭಗೊಳಿಸಿದ್ದನ್ನು ಕಠಿಣಗೊಳಿಸುವವರ ಸಾಲಿನಿಂದ ನಮ್ಮನ್ನು ಕಾಪಾಡಲಿ. ಆಮೀನ್.